ನೋವಿಲ್ಲದ ಕೀವು: ಪೆರ್ಲ ಕಡೆಯ ಒಂದು ಹಲ್ಲಿನ ಪ್ರಕರಣ

ಈ ಪ್ರಕರಣದ ರೋಗಿ 47 ವರ್ಷದ ಮಹಿಳೆ. ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬದಿಯಲ್ಲಿ ಮನೆ, ಕೆಳಗೆ ಅಡಿಕೆ ತೋಟ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮತ್ತು ಮನೆಯ ಗುರುತು ಬಿಟ್ಟಿದ್ದೇನೆ. ನಾನು ಅವರನ್ನು ‘ಅಕ್ಕ’ ಎಂದು ಕರೆಯುವುದು, ಇಲ್ಲೂ ಹಾಗೇ ಬರೆಯುತ್ತೇನೆ.

ಅವರ ತೊಂದರೆ ಕೇಳಲು ಸಣ್ಣದು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳಲ್ಲಿ ಎಡಗಡೆಯದ್ದರ ಮೇಲೆ, ವಸಡಿನಲ್ಲಿ ಒಂದು ಗುಳ್ಳೆ. ಉದ್ದಿನ ಕಾಳಿಗಿಂತ ಸ್ವಲ್ಪ ಚಿಕ್ಕದು. ಒತ್ತಿದರೆ ಒಂದು ತೊಟ್ಟು ಹಳದಿ ಕೀವು ಬರುತ್ತಿತ್ತು.

“ನೋವು ಉಂಟಾ ಅಕ್ಕ?”

“ನೋವಿದ್ದಿದ್ರೆ ಯಾವಾಗ್ಲೋ ಬರ್ತಿದ್ದೆ ಡಾಕ್ಟ್ರೇ. ಗುಳ್ಳೆ ಬರ್ತದೆ, ಒಡೀತದೆ, ಬಾಯಿ ಒಂಥರಾ ಆಗ್ತದೆ, ಮತ್ತೆ ಹೋಗ್ತದೆ. ಮಾತ್ರೆ ತಗೊಂಡ್ರೆ ಒಂದೆರಡು ತಿಂಗಳು ಸುದ್ದಿ ಇಲ್ಲ.”

ಆ ಮಾತ್ರೆ ಯಾವುದು ಅಂತ ಕೇಳಿದಾಗ ಚೀಲದಿಂದ ಖಾಲಿ ಪಟ್ಟಿ ತೆಗೆದು ತೋರಿಸಿದರು. ಅಮಾಕ್ಸಿಸಿಲಿನ್ ಎಂಬ ಆಂಟಿಬಯಾಟಿಕ್ ಕ್ಯಾಪ್ಸೂಲ್. ಕೆಲವೊಮ್ಮೆ ಜೊತೆಗೆ ಮೆಟ್ರೊನಿಡಜೋಲ್. ಮೊದಲ ಸಲ ಯಾರೋ ಬರೆದುಕೊಟ್ಟದ್ದು. ಆಮೇಲೆ ಪಟ್ಟಿ ತೋರಿಸಿ ಅಂಗಡಿಯಿಂದ ತರುವುದೇ ರೂಢಿಯಾಯಿತು. ಮೂರು ದಿನ ತಿನ್ನುವುದು, ಗುಳ್ಳೆ ಇಳಿದ ಮೇಲೆ ಉಳಿದದ್ದನ್ನು ಮುಂದಿನ ಸಲಕ್ಕೆ ಇಡುವುದು. ಹೀಗೆ ಸುಮಾರು ನಾಲ್ಕು ವರ್ಷ ನಡೆದಿದೆ. ನಡುವೆ ಒಮ್ಮೆ ಮಂಗಳೂರಿಗೆ ಹೋಗಿ ತೋರಿಸುವ ಯೋಚನೆ ಮಾಡಿದ್ದರು. ಅದು 2020ರ ಮಾರ್ಚ್. ಕೊರೋನಾದಿಂದಾಗಿ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿತು. ಈ ಕಡೆಯವರಿಗೆ ಆ ದಿನಗಳು ಚೆನ್ನಾಗಿ ನೆನಪಿವೆ. ಡಯಾಲಿಸಿಸ್‌ಗೆ, ಹೃದಯದ ತೊಂದರೆಗೆ ಹೋಗಬೇಕಾದವರೇ ದಾಟಲಾಗದೆ ಒದ್ದಾಡಿದ್ದಾರೆ. ನೋವಿಲ್ಲದ ಹಲ್ಲನ್ನು ಕೇಳುವವರು ಯಾರು? ಅಕ್ಕನ ಹಲ್ಲು ಮತ್ತೆ ಹಿಂದೆ ಬಿತ್ತು. ನನ್ನಲ್ಲಿಗೆ ಬಂದದ್ದು 2021ರ ಕೊನೆಗೆ.

ಹಲ್ಲಿನ ಬಣ್ಣ ನೋಡಿದಾಗಲೇ ಅರ್ಧ ಕಥೆ ಗೊತ್ತಾಯಿತು. ಪಕ್ಕದ ಹಲ್ಲಿಗಿಂತ ಅದು ಬೂದು. ಹುಳುಕಿಲ್ಲ, ತೂತಿಲ್ಲ, ಮುರಿದಿಲ್ಲ. ಹತ್ತು ಹನ್ನೊಂದನೇ ವಯಸ್ಸಿನಲ್ಲಿ ಮುರಕಲ್ಲಿನ ಪಾದೆಯ ಮೇಲೆ ಓಡುವಾಗ ಬಿದ್ದು ಬಾಯಿಗೆ ಪೆಟ್ಟಾಗಿತ್ತಂತೆ. ತುಟಿ ಒಡೆದು ರಕ್ತ ಬಂದಿತ್ತು. ತುಟಿ ಮಾಗಿತು, ಹಲ್ಲನ್ನು ಎಲ್ಲರೂ ಮರೆತರು. ಮದುವೆಯ ಹೊತ್ತಿಗೆ ಹಲ್ಲು ಸ್ವಲ್ಪ ಕಪ್ಪಾಗಿತ್ತು ಅಂತ ಅವರಿಗೆ ನೆನಪು.

ಪೆಟ್ಟು ಬಿದ್ದಾಗ ಬೇರಿನ ತುದಿಯಲ್ಲಿ ಹಲ್ಲಿನೊಳಗೆ ಹೋಗುವ ಸಣ್ಣ ರಕ್ತನಾಳ ಹರಿದುಹೋಗಬಹುದು. ಆಗ ಒಳಗಿನ ಮೆದು ಭಾಗ, ಜನ ‘ನರ’ ಎನ್ನುವ ಪಲ್ಪ್, ಮೆಲ್ಲಗೆ ಸಾಯುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ತಣ್ಣನೆಯ ಪರೀಕ್ಷೆ ಮಾಡಿದೆ: ಪಕ್ಕದ ಹಲ್ಲುಗಳು ತಕ್ಷಣ ಜುಮ್ಮೆಂದವು, ಇದಕ್ಕೆ ಏನೂ ಆಗಲಿಲ್ಲ. ವಿದ್ಯುತ್ ಪರೀಕ್ಷೆಗೂ ಅಷ್ಟೇ. ಗುಳ್ಳೆಯ ತೂತಿನೊಳಗೆ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವಿನ ತೆಳುವಾದ ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆದೆ. ಕಡ್ಡಿ ನೇರ ಈ ಹಲ್ಲಿನ ಬೇರಿನ ತುದಿಗೆ ಹೋಗಿ ನಿಂತಿತ್ತು. ಅಲ್ಲಿ ಎಲುಬಿನಲ್ಲಿ ದುಂಡನೆಯ ಕಪ್ಪು ನೆರಳು. ಅಗಲ ಸುಮಾರು 11 ಮಿಲಿಮೀಟರ್.

ರಕ್ತಪರೀಕ್ಷೆ ಮಾಡಿಸಲು ಹೇಳಿದೆ. ಸಕ್ಕರೆ ಕಾಯಿಲೆ ಇರುವುದು ಅವರಿಗೆ ಗೊತ್ತಿತ್ತು, ಮಾತ್ರೆಯೂ ಇತ್ತು, ಆದರೆ ಲೆಕ್ಕ ಇರಲಿಲ್ಲ. ಎಚ್‌ಬಿಎ1ಸಿ 8.4 ಬಂತು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಳತೆ ಅದು.

ಎಕ್ಸ್‌ರೇ ನೋಡಿದ ಕೂಡಲೇ ಅಕ್ಕ ಕೇಳಿದ ಪ್ರಶ್ನೆಯಿಂದಲೇ ಈ ಪ್ರಕರಣವನ್ನು ಬರೆಯಬೇಕು ಅನ್ನಿಸಿತು. “ಇಷ್ಟು ಎಲುಬನ್ನು ಹುಳ ತಿಂದದ್ದಾ?”

ಇಲ್ಲ. ಬ್ಯಾಕ್ಟೀರಿಯಾ ಎಲುಬು ತಿನ್ನುವುದಿಲ್ಲ. ಆ ಜಾಗವನ್ನು ತೆರವು ಮಾಡಿಸಿದ್ದು ಅವರದೇ ದೇಹದ ರಕ್ಷಣಾ ಕೋಶಗಳು. ಯಾಕೆ ಹಾಗೆ ಮಾಡಿಸಿದವು ಅಂತ ತಿಳಿದರೆ, ನಾಲ್ಕು ವರ್ಷದ ಕ್ಯಾಪ್ಸೂಲು ಯಾಕೆ ಕೆಲಸ ಮಾಡಲಿಲ್ಲ ಎನ್ನುವುದೂ ತಿಳಿಯುತ್ತದೆ.

ಮೊದಲು ಬ್ಯಾಕ್ಟೀರಿಯಾದ ವಿಷಯ. 1965ರಲ್ಲಿ ಅಮೆರಿಕದ ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜೆರಾಲ್ಡ್ ಎಂಬ ಮೂವರು ಒಂದು ಸರಳ ಪ್ರಯೋಗ ಮಾಡಿದರು. ಹುಟ್ಟಿನಿಂದಲೇ ಯಾವ ಸೂಕ್ಷ್ಮಜೀವಿಯೂ ಇಲ್ಲದಂತೆ ಸಾಕಿದ ಇಲಿಗಳು ಒಂದು ಕಡೆ, ಸಾಮಾನ್ಯ ಇಲಿಗಳು ಇನ್ನೊಂದು ಕಡೆ. ಎರಡೂ ಗುಂಪಿನ ಹಲ್ಲು ಕೊರೆದು ಪಲ್ಪನ್ನು ಬಾಯಿಗೆ ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ಪಲ್ಪ್ ಕೊಳೆತು ಬೇರಿನ ತುದಿಯಲ್ಲಿ ಕೀವಾಯಿತು. ಸೂಕ್ಷ್ಮಜೀವಿ ಇಲ್ಲದ ಇಲಿಗಳಲ್ಲಿ ತೂತಿನೊಳಗೆ ಆಹಾರದ ಚೂರು ಸಿಕ್ಕಿಕೊಂಡಿದ್ದರೂ ಪಲ್ಪ್ ಬದುಕಿತು, ತೂತಿಗೆ ಅಡ್ಡವಾಗಿ ಹೊಸ ದಂತದ್ರವ್ಯ, ಅಂದರೆ ಪಲ್ಪನ್ನು ಸುತ್ತುವರಿದ ಗಟ್ಟಿ ಪದರ, ಕಟ್ಟಿತು.

ಅಕ್ಕನ ಹಲ್ಲಿಗೆ ಇನ್ನೂ ಹತ್ತಿರದ ಕೆಲಸ ಸ್ವೀಡನ್ನಿನ ಸುಂಡ್‌ಕ್ವಿಸ್ಟ್ ಅವರದು, 1976ರದ್ದು. ಅವರು ಆರಿಸಿಕೊಂಡದ್ದು ಪೆಟ್ಟು ಬಿದ್ದು ಸತ್ತ, ಆದರೆ ಹೊರಗೆ ಹುಳುಕು ತೂತು ಇಲ್ಲದ ಹಲ್ಲುಗಳನ್ನು. ಬೇರಿನ ತುದಿಯಲ್ಲಿ ಎಲುಬು ಕರಗಿದ ಹಲ್ಲುಗಳಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಎಲುಬು ಸರಿಯಿದ್ದ ಹಲ್ಲುಗಳಲ್ಲಿ ಪಲ್ಪ್ ಸತ್ತಿದ್ದರೂ ಬ್ಯಾಕ್ಟೀರಿಯಾ ಇರಲಿಲ್ಲ. ಅಂದರೆ ಪಲ್ಪ್ ಸತ್ತ ಮಾತ್ರಕ್ಕೆ ಎಲುಬು ಹೋಗುವುದಿಲ್ಲ. ಸತ್ತ ಹಲ್ಲಿನೊಳಗೆ ಬ್ಯಾಕ್ಟೀರಿಯಾ ಮನೆ ಮಾಡಬೇಕು.

ತೂತಿಲ್ಲದ ಹಲ್ಲಿನೊಳಗೆ ಅವು ಹೋದದ್ದು ಹೇಗೆ? ಹಲ್ಲಿನ ಹೊರಪದರದಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ. ಅದರ ಕೆಳಗಿನ ದಂತದ್ರವ್ಯದ ತುಂಬ ಸೂಕ್ಷ್ಮ ನಾಳಗಳು. ಒಂದೊಂದು ನಾಳವೂ ಬ್ಯಾಕ್ಟೀರಿಯಾ ನುಸುಳುವಷ್ಟು ಅಗಲ. ಬದುಕಿರುವ ಹಲ್ಲಿನಲ್ಲಿ ಆ ನಾಳಗಳೊಳಗೆ ದ್ರವ ಹೊರಮುಖವಾಗಿ ಒತ್ತುತ್ತಿರುತ್ತದೆ, ರಕ್ಷಣೆಯೂ ಇರುತ್ತದೆ. ಸತ್ತ ಹಲ್ಲಿನಲ್ಲಿ ತಡೆಯುವವರಿಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳುವಾಗ ನನಗೆ ನೆರವಾದದ್ದು ಅವರ ಮನೆಯ ಸುರಂಗ. ಪೆರ್ಲ, ಬಾಯಾರು, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳು ಸುಮಾರು ಮನೆಗಳಲ್ಲಿ ಇವೆ. ಅವರಲ್ಲೂ ಒಂದು ಉಂಟು. ಸತ್ತ ಹಲ್ಲಿನ ಬೇರಿನ ಕೊಳವೆಯೂ ಹಾಗೇ ಒಂದು ಕುರುಡು ಸುರಂಗ ಅಂತ ಹೇಳಿದೆ. ಆ ಸುರಂಗದ ಬಾಯಿ ಇರುವುದು ಬೇರಿನ ತುದಿಯಲ್ಲಿ. ಬ್ಯಾಕ್ಟೀರಿಯಾ ಇರುವುದು ಒಳಗೆ. ನಮ್ಮ ಬಿಳಿ ರಕ್ತಕಣಗಳು ರಕ್ತನಾಳದ ದಾರಿಯಲ್ಲಿ ಬರುವಂಥವು, ಆ ದಾರಿ ಸುರಂಗದ ಬಾಯಿಗೆ ಮುಗಿಯುತ್ತದೆ. ಒಳಗೆ ರಕ್ತನಾಳವೇ ಉಳಿದಿಲ್ಲ. ಹಾಗಾಗಿ ಬಾಯಿಯಲ್ಲೇ ನಿಂತು ಹೊರಬರುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ, ಒಳಗೆ ಕೂತದ್ದು ಹಾಗೇ ಉಳಿಯುತ್ತದೆ.

ಅಕ್ಕ ತಕ್ಷಣ ಕೇಳಿದರು: “ಮಾತ್ರೆಯೂ ರಕ್ತದಲ್ಲೇ ಅಲ್ವಾ ಬರುವುದು?”

ಹೌದು. ಅದೇ ಸಂಗತಿ. ನುಂಗಿದ ಔಷಧ ಹೊಟ್ಟೆಯಿಂದ ರಕ್ತಕ್ಕೆ ಸೇರಿ, ರಕ್ತ ಹೋದಲ್ಲಿಗೆ ಮಾತ್ರ ಹೋಗುತ್ತದೆ. ಬೇರಿನ ತುದಿಯ ಹೊರಗೆ ಸೇರಿದ ಬ್ಯಾಕ್ಟೀರಿಯಾ ಸ್ವಲ್ಪ ಸಾಯುತ್ತವೆ, ಕೀವು ಕಡಿಮೆಯಾಗುತ್ತದೆ, ಗುಳ್ಳೆ ಇಳಿಯುತ್ತದೆ. ಒಳಗಿನವು ಮತ್ತೆ ಬೆಳೆಯುತ್ತವೆ. ಒಂದೆರಡು ತಿಂಗಳಲ್ಲಿ ಗುಳ್ಳೆ ವಾಪಸ್. ಇದನ್ನು ನಾಲ್ಕು ವರ್ಷ ಮಾಡಿದರೂ ಇಷ್ಟೇ, ನಲವತ್ತು ವರ್ಷ ಮಾಡಿದರೂ ಇಷ್ಟೇ. ಜೊತೆಗೆ ಅರ್ಧಂಬರ್ಧ ತಿಂದ ಆಂಟಿಬಯಾಟಿಕ್ಕಿಗೆ ಬಗ್ಗದ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ, ಬಾಯಲ್ಲಿ ಉಳಿದುಕೊಳ್ಳುತ್ತವೆ. ನಾಳೆ ನಿಜವಾಗಿ ಔಷಧ ಬೇಕಾದ ದಿನ ಅದು ನಾಟದೆ ಹೋಗಬಹುದು.

ಹಲ್ಲಿನ ಕೀವಿಗೆ ಆಂಟಿಬಯಾಟಿಕ್ ಬೇಡವೇ ಬೇಡ ಅಂತಲ್ಲ. ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಅದು ತುರ್ತು. ಆಗ ಕಾಯದೆ ಆಸ್ಪತ್ರೆಗೆ ಹೋಗಬೇಕು, ಔಷಧ ಬೇಕೇ ಬೇಕು. ಅಕ್ಕನಿಗೆ ಅದ್ಯಾವುದೂ ಇರಲಿಲ್ಲ. ಬರೀ ಒಂದು ಗುಳ್ಳೆ.

ಇನ್ನು ಚಿಕಿತ್ಸೆ. ಮೊದಲ ಹಂತ ರೂಟ್ ಕೆನಾಲ್. ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಇಂಗ್ಲಿಷ್ ಇಲ್ಲವೇ ಮಲಯಾಳದ ಕಾಗದ ಕೊಟ್ಟು ಸಹಿ ಹಾಕಿಸುವುದು ನನಗೆ ಸರಿ ಕಾಣುವುದಿಲ್ಲ. ಅವರು ಕೂತು ಪೂರ್ತಿ ಓದಿದರು, ಎರಡು ಪ್ರಶ್ನೆ ಕೇಳಿದರು, ಸಹಿ ಹಾಕಿದರು.

ಹಲ್ಲಿನ ಹಿಂಬದಿಯಿಂದ ತೂತು ಮಾಡಿ ಕೊಳವೆಯನ್ನು ತೆರೆದೆ. ಒಳಗಿದ್ದದ್ದು ಕಪ್ಪು, ಒಣಗಿದ, ವಾಸನೆಯ ಚೂರು. ಫೈಲಿನಿಂದ ಗೋಡೆ ಉಜ್ಜಿ, ಸೋಡಿಯಂ ಹೈಪೊಕ್ಲೋರೈಟ್ ದ್ರಾವಣದಿಂದ ಮತ್ತೆ ಮತ್ತೆ ತೊಳೆದೆ. ಆಮೇಲೆ ಕೆಲವು ವಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿಟ್ಟೆ. ರಸಾಯನದ ದೃಷ್ಟಿಯಿಂದ ಇದು ವೀಳ್ಯಕ್ಕೆ ಹಚ್ಚುವ ಸುಣ್ಣವೇ. ಇದರ ಕ್ಷಾರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಬದುಕುವುದಿಲ್ಲ. ಜರ್ಮನಿಯ ಹರ್ಮನ್ ಇದನ್ನು ಹಲ್ಲಿನ ಚಿಕಿತ್ಸೆಗೆ ತಂದದ್ದು 1920ರಲ್ಲಿ, ಇಂದಿಗೂ ಬಳಸುತ್ತೇವೆ. (ಮನೆಯಲ್ಲಿ ಹಲ್ಲು ನೋವಿಗೆ ಸುಣ್ಣ ಇಟ್ಟು ವಸಡು ಸುಟ್ಟುಕೊಂಡು ಬರುವವರು ಈಗಲೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.) ಎರಡನೇ ವಾರಕ್ಕೆ ಗುಳ್ಳೆ ಮುಚ್ಚಿತ್ತು. ಒಂದೂ ಆಂಟಿಬಯಾಟಿಕ್ ಕೊಟ್ಟಿರಲಿಲ್ಲ. ಕೊಳವೆಯನ್ನು ಗಟ್ಟಾಪರ್ಚಾದಿಂದ ತುಂಬಿ ಮುಚ್ಚಿದೆ. ಸಕ್ಕರೆಗೆ ಅವರ ವೈದ್ಯರು ಔಷಧ ಬದಲಿಸಿದರು, ಅಕ್ಕನೂ ಪಥ್ಯಕ್ಕೆ ಮನಸ್ಸು ಕೊಟ್ಟರು.

ಒಂದು ವರ್ಷದ ಎಕ್ಸ್‌ರೇಯಲ್ಲಿ 11 ಮಿಲಿಮೀಟರ್ ಇದ್ದ ನೆರಳು 8ಕ್ಕೆ ಇಳಿದಿತ್ತು. ಬೇರಿನ ತುದಿಯ ಗಾಯ ಮಾಗುವುದು ನಿಧಾನ. ಒಂದು ವರ್ಷದಲ್ಲಿ ಪೂರ್ತಿ ಆಗದಿದ್ದರೆ ನಾಲ್ಕು ವರ್ಷದವರೆಗೂ ನೋಡಬಹುದು. ಆದರೆ ಕುಗ್ಗುತ್ತಾ ಹೋಗಬೇಕು. ಎರಡನೇ ವರ್ಷದ ಹೊತ್ತಿಗೆ ಅದು 8ರಲ್ಲೇ ನಿಂತಿತ್ತು. ಅಂಚು ಇನ್ನೂ ಸ್ಪಷ್ಟವಾಗಿತ್ತು. ನೋವಿಲ್ಲ, ಗುಳ್ಳೆ ಇಲ್ಲ, ತುಂಬಿದ್ದು ಸರಿಯಾಗಿತ್ತು. ಒಳಗಿನಿಂದ ಬರುವ ಬ್ಯಾಕ್ಟೀರಿಯಾ ನಿಂತ ಮೇಲೂ ಎಲುಬು ತುಂಬುತ್ತಿಲ್ಲ ಅಂದರೆ ಹೊರಗೆ ಬೇರೇನೋ ಉಳಿದಿದೆ. ಇಬ್ಬರೂ ಕೂತು ಮಾತಾಡಿ ಶಸ್ತ್ರಚಿಕಿತ್ಸೆ ಮಾಡುವುದೆಂದು ತೀರ್ಮಾನಿಸಿದೆವು. ಆಗ ಎಚ್‌ಬಿಎ1ಸಿ 7.1 ಇತ್ತು. ಅದು ಅಕ್ಕನ ಸಾಧನೆ.

ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ವಸಡು ಎತ್ತಿದಾಗ ತುಟಿಯ ಬದಿಯ ಎಲುಬು ಕಾಗದದಷ್ಟು ತೆಳು, ಒಂದು ಕಡೆ ತೂತೇ ಆಗಿತ್ತು. ಒಳಗಿನ ಮಾಂಸದಂಥ ಮುದ್ದೆಯನ್ನು ಕೆರೆದು ತೆಗೆದೆ. ಬೇರಿನ ತುದಿಯ 3 ಮಿಲಿಮೀಟರ್ ಕತ್ತರಿಸಿದೆ. ಕೊಳವೆಯ ಸಣ್ಣ ಕವಲುಗಳು ಹೆಚ್ಚಾಗಿ ಇರುವುದು ಅಷ್ಟರಲ್ಲೇ. ಉಳಿದ ತುದಿಯನ್ನು ಎಂಟಿಎ ಎಂಬ ಸಿಮೆಂಟಿನಿಂದ ಮುಚ್ಚಿ ಹೊಲಿಗೆ ಹಾಕಿದೆ. ತೆಗೆದ ಮುದ್ದೆ ಫಾರ್ಮಾಲಿನ್ ಸೀಸೆಯಲ್ಲಿ ಮಂಗಳೂರಿಗೆ ಹೋಯಿತು, ಒಂದು ಡೆಂಟಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ. ಸಾಮಾನ್ಯ ಬಣ್ಣ ಹಾಕಿದ ಸ್ಲೈಡಿನ ಜೊತೆಗೆ ಕೋಶಗಳ ಜಾತಿ ಗುರುತಿಸುವ ಗುರುತುಬಣ್ಣಗಳನ್ನೂ ಹಾಕಿಸಿದೆವು. ಸಾಮಾನ್ಯ ಬಣ್ಣದಲ್ಲಿ ಟಿ ಕೋಶ, ಬಿ ಕೋಶ ಎಂಬ ಎರಡು ಬಗೆಯ ಬಿಳಿ ರಕ್ತಕಣಗಳೂ ಒಂದೇ ಥರ, ದುಂಡನೆಯ ಕಡುನೀಲಿ ಚುಕ್ಕೆ. ಸಿಡಿ3 ಹಾಕಿದರೆ ಟಿ ಕೋಶ ಬಣ್ಣ ಹಿಡಿಯುತ್ತದೆ, ಸಿಡಿ20 ಹಾಕಿದರೆ ಬಿ ಕೋಶ, ಸಿಡಿ138ಕ್ಕೆ ಪ್ಲಾಸ್ಮಾ ಕೋಶ, ಸಿಡಿ68ಕ್ಕೆ ಮ್ಯಾಕ್ರೋಫೇಜ್.

ಆ ಸ್ಲೈಡುಗಳನ್ನು ನಾನೂ ಹೋಗಿ ನೋಡಿದೆ. 8 ಮಿಲಿಮೀಟರಿನ ಆ ಚೂರಿನಲ್ಲಿ ಏನೆಲ್ಲ ಇತ್ತು ಅಂತ ವಿವರವಾಗಿ ಹೇಳಬೇಕು.

ನಡುವೆ ಒಂದು ಟೊಳ್ಳು. ಅದರ ಸುತ್ತ ಚರ್ಮದಂಥ ಕೋಶಗಳ ಪದರ. ಎಲುಬಿನೊಳಗೆ ಈ ಪದರ ಬಂದದ್ದು ಎಲ್ಲಿಂದ? ಹಲ್ಲಿನ ಬೇರು ಬೆಳೆಯುವಾಗ ಅದಕ್ಕೆ ಆಕಾರ ಕೊಟ್ಟ ಪದರವೊಂದರ ತುಣುಕುಗಳು ಬೇರಿನ ಸುತ್ತ ಜೀವಮಾನವಿಡೀ ಸುಮ್ನೆ ಮಲಗಿರುತ್ತವೆ. 1880ರ ದಶಕದಲ್ಲಿ ಇವನ್ನು ವಿವರಿಸಿದ ಫ್ರಾನ್ಸಿನ ಮಲಸ್ಸೆ ಅವರ ಹೆಸರೇ ಈ ತುಣುಕುಗಳಿಗೆ ಇದೆ. ಪಕ್ಕದಲ್ಲಿ ವರ್ಷಗಟ್ಟಲೆ ಉರಿಯೂತ ನಡೆದರೆ ರಕ್ಷಣಾ ಕೋಶಗಳು ಬಿಡುವ ಬೆಳವಣಿಗೆಯ ಅಂಶಗಳು ಇವನ್ನೂ ಎಬ್ಬಿಸುತ್ತವೆ. ಅವು ವೃದ್ಧಿಯಾಗಿ ಒಂದು ಚೀಲ ಕಟ್ಟುತ್ತವೆ. ಅದೇ ಸಿಸ್ಟ್. ಅಕ್ಕನಿಗೆ ಇದ್ದದ್ದು ಅದು.

ಬೇರಿನ ತುದಿಯ ಎಲ್ಲ ನೆರಳೂ ಸಿಸ್ಟ್ ಅಲ್ಲ. ಜ್ಯೂರಿಕ್‌ನಲ್ಲಿ ಕೆಲಸ ಮಾಡಿದ ಪಿ. ಎನ್. ರಾಮಚಂದ್ರನ್ ನಾಯರ್ ಮತ್ತು ಜೊತೆಗಾರರು 1996ರಲ್ಲಿ 256 ಗಾಯಗಳನ್ನು ಸಾಲಾಗಿ ಕತ್ತರಿಸಿ ನೋಡಿದರು. ಸಿಸ್ಟ್ ಇದ್ದದ್ದು ಶೇ. 15 ಮಾತ್ರ. ಶೇ. 50 ಗ್ರ್ಯಾನುಲೋಮಾ, ಅಂದರೆ ಟೊಳ್ಳಿಲ್ಲದ ರಕ್ಷಣಾ ಕೋಶಗಳ ಮುದ್ದೆ. ಶೇ. 35 ಕೀವಿನ ಗೂಡು. ಸಿಸ್ಟುಗಳಲ್ಲೂ ಎರಡು ಬಗೆ ಕಂಡವು: ಟೊಳ್ಳು ಬೇರಿನ ಕೊಳವೆಗೆ ತೆರೆದುಕೊಂಡವು ಮತ್ತು ಪೂರ್ತಿ ಮುಚ್ಚಿದ ಚೀಲಗಳು. ತೆರೆದವು ಕೊಳವೆ ಶುದ್ಧವಾದರೆ ಮಾಗುವ ಸಾಧ್ಯತೆ ಜಾಸ್ತಿ. ಮುಚ್ಚಿದ ಚೀಲ ತನ್ನಷ್ಟಕ್ಕೆ ಉಳಿದುಬಿಡಬಹುದು. ಎರಡನೇ ವರ್ಷವಿಡೀ ಒಂದೇ ಅಳತೆಯಲ್ಲಿ ನಿಂತ ಅಕ್ಕನ ನೆರಳಿಗೆ ಎರಡನೆಯದೇ ಹೊಂದುತ್ತದೆ. ಎಕ್ಸ್‌ರೇಯಲ್ಲಿ ಮಾತ್ರ ಗ್ರ್ಯಾನುಲೋಮಾ ಯಾವುದು, ಸಿಸ್ಟ್ ಯಾವುದು ಎಂದು ಹೇಳಲಾಗದು. ಹಾಗಾಗಿ ಮೊದಲು ರೂಟ್ ಕೆನಾಲ್ ಮಾಡಿ ಕಾಯುವುದೇ ಸರಿ.

ಪದರದ ಹೊರಗೆ ಮೆದು ಅಂಗಾಂಶ. ಅಲ್ಲಿ ಕೋಶಗಳ ಜಾತ್ರೆ. ಪದರದ ನಡುವೆ ಮತ್ತು ಟೊಳ್ಳಿನ ಬದಿಯಲ್ಲಿ ನ್ಯೂಟ್ರೋಫಿಲ್‌ಗಳು. ರಕ್ತದಿಂದ ಎಲ್ಲರಿಗಿಂತ ಮೊದಲು ಓಡಿ ಬರುವವು ಇವು. ಬ್ಯಾಕ್ಟೀರಿಯಾವನ್ನು ನುಂಗುತ್ತವೆ, ತಮ್ಮೊಳಗಿನ ತೀಕ್ಷ್ಣ ಕಿಣ್ವಗಳನ್ನು ಸುರಿಯುತ್ತವೆ, ಬಹಳ ಬೇಗ ಸಾಯುತ್ತವೆ. ಕೀವು ಅಂದರೆ ಹೆಚ್ಚಿನ ಪಾಲು ಸತ್ತ ನ್ಯೂಟ್ರೋಫಿಲ್‌ಗಳೇ. ಆ ಕಿಣ್ವಗಳಿಗೆ ನಮ್ಮವರು, ಹೊರಗಿನವರು ಎಂಬ ಭೇದ ಇಲ್ಲ, ಸುತ್ತಲಿನ ಅಂಗಾಂಶವೂ ಹಾಳಾಗುತ್ತದೆ. ಸಕ್ಕರೆ ಏರಿದಾಗ ನ್ಯೂಟ್ರೋಫಿಲ್‌ಗಳ ಓಟವೂ ಕೊಲ್ಲುವ ಶಕ್ತಿಯೂ ಕುಗ್ಗುತ್ತವೆ. ಅಕ್ಕನ ಸಕ್ಕರೆಯ ಮೇಲೆ ನಾನು ಕಣ್ಣಿಟ್ಟದ್ದು ಅದಕ್ಕೇ.

ಸ್ವಲ್ಪ ಹೊರಗೆ ಮ್ಯಾಕ್ರೋಫೇಜ್‌ಗಳು. ಸಿಡಿ68 ಹಾಕಿದ ಸ್ಲೈಡಿನಲ್ಲಿ ಎಲ್ಲೆಲ್ಲೂ ಕಂದು ಚುಕ್ಕೆ. ಇವು ಸತ್ತದ್ದನ್ನು ನುಂಗುತ್ತವೆ, ಬ್ಯಾಕ್ಟೀರಿಯಾದ ಚೂರುಗಳನ್ನು ಟಿ ಕೋಶಗಳಿಗೆ ತೋರಿಸುತ್ತವೆ, ಇಂಟರ್‌ಲ್ಯೂಕಿನ್-1, ಟಿಎನ್‌ಎಫ್ ಎಂಬ ಸಂದೇಶಗಳನ್ನು ಬಿಡುತ್ತವೆ. ಕೆಲವು ಮ್ಯಾಕ್ರೋಫೇಜ್‌ಗಳ ಹೊಟ್ಟೆ ಕೊಬ್ಬಿನಿಂದ ಉಬ್ಬಿ ನೊರೆಯಂತೆ ಕಾಣುತ್ತಿತ್ತು. ಪಕ್ಕದಲ್ಲೇ ಸೂಜಿಯಾಕಾರದ ಖಾಲಿ ಸೀಳುಗಳು. ಅಲ್ಲಿದ್ದದ್ದು ಕೊಲೆಸ್ಟರಾಲ್ ಹರಳು. ಸ್ಲೈಡ್ ತಯಾರಿಸುವ ರಾಸಾಯನಿಕದಲ್ಲಿ ಹರಳು ಕರಗಿ ಜಾಗ ಮಾತ್ರ ಉಳಿಯುತ್ತದೆ. ವರ್ಷಗಟ್ಟಲೆ ಸತ್ತ ಕೋಶಗಳ ಪೊರೆಗಳಿಂದ ಆ ಕೊಲೆಸ್ಟರಾಲ್ ಶೇಖರವಾದದ್ದು. ಸೀಳುಗಳ ಸುತ್ತ ದೈತ್ಯ ಕೋಶಗಳು, ಅಂದರೆ ಹಲವು ಮ್ಯಾಕ್ರೋಫೇಜ್‌ಗಳು ಒಂದಾಗಿ ಆದವು, ಹರಳನ್ನು ಸುತ್ತಿಕೊಂಡಿದ್ದವು. ಆದರೆ ಅದನ್ನು ಜೀರ್ಣ ಮಾಡಲು ಅವಕ್ಕೆ ಆಗುವುದಿಲ್ಲ. ನಾಯರ್ ಅವರೇ 1998ರಲ್ಲಿ ಗಿನಿ ಹಂದಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. 32 ವಾರ ಕಳೆದರೂ ಹರಳುಗಳು ಉಳಿದಿದ್ದವು, ಕೋಶಗಳು ಸುತ್ತ ಕೂತೇ ಇದ್ದವು. ಅಕ್ಕನ ಕೊಳವೆ ಶುದ್ಧವಾದ ಮೇಲೂ ನೆರಳು ಕರಗದ್ದಕ್ಕೆ ಇದೂ ಒಂದು ಕಾರಣ ಎಂದು ಸ್ಲೈಡ್ ನೋಡಿದಾಗ ಮನವರಿಕೆಯಾಯಿತು.

ಇನ್ನೂ ಹೊರಗೆ ಲಿಂಫೋಸೈಟ್‌ಗಳು. ಟಿ ಕೋಶಗಳು ಎಲ್ಲ ಕಡೆ ಹರಡಿದ್ದವು, ಬಿ ಕೋಶಗಳು ಅಲ್ಲಲ್ಲಿ. ಬಿ ಕೋಶಗಳಿಂದಲೇ ಆಗುವ ಪ್ಲಾಸ್ಮಾ ಕೋಶಗಳು ಗುಂಪುಗುಂಪಾಗಿ ಕೂತಿದ್ದವು. ಇವು ಪ್ರತಿಕಾಯ ತಯಾರಿಸುವ ಕೋಶಗಳು, ಈ ಬಗೆಯ ಗಾಯಗಳಲ್ಲಿ ಹೆಚ್ಚಾಗಿ ಐಜಿಜಿ ಎಂಬ ಬಗೆಯ ಪ್ರತಿಕಾಯ. ಕೆಲವು ಪ್ಲಾಸ್ಮಾ ಕೋಶಗಳು ತಯಾರಿಸಿದ್ದನ್ನು ಹೊರಹಾಕಲಾಗದೆ ಗುಲಾಬಿ ಗುಂಡುಗಳಾಗಿದ್ದವು. ಪೆಥಾಲಜಿಯವರು ಅವನ್ನು ರಸೆಲ್ ಬಾಡಿ ಎನ್ನುತ್ತಾರೆ. ಹಳೆಯ ಉರಿಯೂತದ ಗುರುತು ಅದು.

ಟಿ ಕೋಶಗಳಲ್ಲೂ ಒಂದೇ ಬುದ್ಧಿ ಇಲ್ಲ. ಕೆಲವು ಉರಿಯೂತವನ್ನು ಏರಿಸುತ್ತವೆ, ಟಿಎಚ್-1, ಟಿಎಚ್-17 ಅಂಥವು. ಟಿಎಚ್-17 ಬಿಡುವ ಇಂಟರ್‌ಲ್ಯೂಕಿನ್-17 ಇನ್ನಷ್ಟು ನ್ಯೂಟ್ರೋಫಿಲ್‌ಗಳನ್ನು ಕರೆಯುತ್ತದೆ. ಕೆಲವು ಇಳಿಸುತ್ತವೆ: ನಿಯಂತ್ರಕ ಟಿ ಕೋಶಗಳು ಇಂಟರ್‌ಲ್ಯೂಕಿನ್-10, ಟಿಜಿಎಫ್-ಬೀಟಾ ಎಂಬ ಸಂದೇಶಗಳನ್ನು ಬಿಟ್ಟು ಎಲ್ಲರನ್ನೂ ತಣ್ಣಗಾಗಿಸುತ್ತವೆ. 1989ರಲ್ಲಿ ಸ್ಟಾಶೆಂಕೊ ಮತ್ತು ಯೂ ಎಂಬ ಸಂಶೋಧಕರು ಇಲಿಗಳಲ್ಲಿ ತೋರಿಸಿದ್ದು ಇದರ ಹಳೆಯ ರೂಪ. ಗಾಯ ಬೆಳೆಯುವ ದಿನಗಳಲ್ಲಿ ಸಹಾಯಕ ಟಿ ಕೋಶಗಳು ಜಾಸ್ತಿ. ಬೆಳವಣಿಗೆ ನಿಂತ ಮೇಲೆ ತಡೆಯುವ ಇನ್ನೊಂದು ಗುಂಪು ಮೇಲಾಗುತ್ತದೆ. ಅಕ್ಕನಿಗೆ ನೋವಿಲ್ಲದೆ ವರ್ಷಗಳು ಕಳೆದದ್ದು ಈ ಎರಡರ ತೂಗಾಟದಲ್ಲೇ. ತಡೆಯುವವರು ಮೇಲಾದಾಗ ಸುದ್ದಿ ಇಲ್ಲ. ಏರಿಸುವವರು ಮೇಲಾದಾಗ ಕೀವು. ಆ ಕೀವಿಗೂ ಗುಳ್ಳೆಯ ತೂತಿನಿಂದ ಹೊರಹೋಗುವ ದಾರಿ ಇತ್ತು. ಒಳಗೆ ಒತ್ತಡ ಏರಲಿಲ್ಲ, ಹಾಗಾಗಿ ನೋವೂ ಆಗಲಿಲ್ಲ.

ಈಗ ಎಲುಬಿನ ಮಾತು. ಎಲುಬು ಕರಗಿಸುವ ಕೋಶಕ್ಕೆ ಆಸ್ಟಿಯೋಕ್ಲಾಸ್ಟ್ ಎಂದು ಹೆಸರು. ಅದು ಹುಟ್ಟುವುದು ಮ್ಯಾಕ್ರೋಫೇಜ್ ಹುಟ್ಟುವ ಮೂಲದಿಂದಲೇ. ಎರಡೂ ಒಂದೇ ಮನೆತನದವು. ಆ ಮೂಲದ ಕೋಶಕ್ಕೆ ‘ನೀನು ಎಲುಬು ಕರಗಿಸುವವನಾಗು’ ಎಂದು ಹೇಳುವ ಸಂದೇಶ ರ‍್ಯಾಂಕ್-ಎಲ್. ಎಲುಬು ಕಟ್ಟುವ ಕೋಶಗಳು ಅದನ್ನು ಬಿಡುತ್ತವೆ, ಉರಿಯೂತದಲ್ಲಿ ಟಿ ಕೋಶ ಮತ್ತು ಬಿ ಕೋಶಗಳೂ ಬಿಡುತ್ತವೆ. ಇದಕ್ಕೆ ಎದುರಾಗಿ ಆಸ್ಟಿಯೋಪ್ರೊಟೆಜೆರಿನ್ ಎಂಬ ಇನ್ನೊಂದು ಅಂಶ ರ‍್ಯಾಂಕ್-ಎಲ್‌ಗೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಇವೆರಡರ ಪ್ರಮಾಣದ ಮೇಲೆ ಎಲುಬು ಉಳಿಯುವುದು, ಹೋಗುವುದು ನಿಂತಿದೆ. ಇಂಟರ್‌ಲ್ಯೂಕಿನ್-1, ಟಿಎನ್‌ಎಫ್, ಇಂಟರ್‌ಲ್ಯೂಕಿನ್-17 ಇವೆಲ್ಲ ತಕ್ಕಡಿಯನ್ನು ರ‍್ಯಾಂಕ್-ಎಲ್ ಕಡೆಗೆ ವಾಲಿಸುತ್ತವೆ.

ಹಾಗಾದರೆ ದೇಹ ತನ್ನ ಎಲುಬನ್ನೇ ಯಾಕೆ ಬಿಟ್ಟುಕೊಡುತ್ತದೆ? ಗಟ್ಟಿ ಎಲುಬಿನ ನಡುವೆ ಇಷ್ಟು ಕೋಶಗಳಿಗೆ ನಿಲ್ಲಲು ಜಾಗ ಇಲ್ಲ. ಎಲುಬು ಹಿಂದೆ ಸರಿದರೆ ಅಲ್ಲಿ ರಕ್ತನಾಳ ತುಂಬಿದ ಮೆದು ಅಂಗಾಂಶ ಬೆಳೆಯುತ್ತದೆ, ಕೋಶಗಳು ಬಂದು ಸೇರುತ್ತವೆ, ಸೋಂಕು ದವಡೆಯೊಳಗೆ ಹರಡುವುದು ತಪ್ಪುತ್ತದೆ. ಇದು ಬರೀ ಊಹೆ ಅಲ್ಲ. 1997ರಲ್ಲಿ ಸ್ಟಾಶೆಂಕೊ ಅವರ ಗುಂಪು ಟಿ ಕೋಶವೂ ಬಿ ಕೋಶವೂ ಇಲ್ಲದ ಇಲಿಗಳ ಹಲ್ಲಿಗೆ ಸೋಂಕು ತಗುಲಿಸಿ ನೋಡಿತು. ಹಲವು ಇಲಿಗಳಲ್ಲಿ ಸೋಂಕು ಬೇರಿನ ತುದಿಯಲ್ಲಿ ನಿಲ್ಲದೆ ಹೊರಗೆ ಹರಡಿತು. ಸಾಮಾನ್ಯ ಇಲಿಗಳಲ್ಲಿ ಹಾಗಾಗಲಿಲ್ಲ.

ಇದನ್ನು ಅಕ್ಕನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಎಕ್ಸ್‌ರೇ ನೋಡುತ್ತಾ ಕೂತರು. “ಅಂದ್ರೆ ಈ ಕಪ್ಪು ನನ್ನನ್ನು ಕಾದದ್ದು,” ಅಂದರು. ಹೌದು ಅಂದೆ. ಆದರೆ ಮೂಲ ತೆಗೆಯದಿದ್ದರೆ ಕಾಯುವ ಕೆಲಸ ಮುಗಿಯುವುದೇ ಇಲ್ಲ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಎಲುಬು ಅದಕ್ಕೆ ಹೋಗುತ್ತಲೇ ಇರುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂದರೆ ಎಲುಬು ಸರಿ ಇದೆ ಎಂದರ್ಥ ಅಲ್ಲ. ಎಲುಬಿನ ಖನಿಜದಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಹೋಗುವವರೆಗೂ ಮಾಮೂಲಿ ಎಕ್ಸ್‌ರೇಯಲ್ಲಿ ನೆರಳು ಬೀಳದಿರಬಹುದು. ಒಳಗಿನ ಜಾಳು ಎಲುಬು ಮಾತ್ರ ಕರಗಿ ಹೊರಗಿನ ಗಟ್ಟಿ ಪದರ ಉಳಿದಿದ್ದರೆ ಕಾಣುವುದೇ ಕಷ್ಟ. ಬೆಂಡರ್ ಮತ್ತು ಸೆಲ್ಟ್ಜರ್ 1961ರಲ್ಲೇ ಇದನ್ನು ತೋರಿಸಿದ್ದಾರೆ. ಹಾಗಾಗಿ ಮಕ್ಕಳು ಬಿದ್ದು ಮುಂದಿನ ಹಲ್ಲಿಗೆ ಪೆಟ್ಟಾದರೆ ಒಂದು ಎಕ್ಸ್‌ರೇ ತೆಗೆಸಿ ‘ಏನೂ ಇಲ್ಲ’ ಎಂದು ಮರೆಯಬೇಡಿ. ಕೆಲವು ವಾರ ಬಿಟ್ಟು, ಆಮೇಲೆ ಕೆಲವು ತಿಂಗಳು ಬಿಟ್ಟು, ಒಂದು ವರ್ಷಕ್ಕೆ ಮತ್ತೆ ತೋರಿಸಬೇಕು. ಹಲ್ಲು ಬೂದಾಗುತ್ತಿದ್ದರೆ ತಡ ಮಾಡಬಾರದು. ನಮ್ಮ ಕಡೆ ಶಾಲೆ, ಮೈದಾನ, ಮನೆಯಂಗಳ ಎಲ್ಲ ಮುರಕಲ್ಲು. ಬಿದ್ದರೆ ಹಲ್ಲಿಗೇ ಬೀಳುವುದು. ಅಕ್ಕನ ಹಲ್ಲನ್ನು ಆ ವಯಸ್ಸಿನಲ್ಲಿ ಯಾರಾದರೂ ಎರಡು ಸಲ ನೋಡಿದ್ದರೆ ಒಂದು ರೂಟ್ ಕೆನಾಲ್‌ನಲ್ಲಿ ಮುಗಿಯುತ್ತಿತ್ತು ಎಂದು ನನಗೆ ಈಗಲೂ ಬೇಸರವಾಗುತ್ತದೆ.

ಶಸ್ತ್ರಚಿಕಿತ್ಸೆಯ ಗಾಯ ತೊಂದರೆಯಿಲ್ಲದೆ ಮಾಗಿತು. ವಾರದೊಳಗೆ ಹೊಲಿಗೆ ತೆಗೆದೆ. ಆರು ತಿಂಗಳಿಗೆ ನೆರಳಿನ ಅಂಚು ಮಸುಕಾಗಿತ್ತು, ಒಳಗೆ ಎಲುಬಿನ ಸಣ್ಣ ಎಳೆಗಳು ಕಾಣತೊಡಗಿದ್ದವು. ಒಂದು ವರ್ಷಕ್ಕೆ ಬೇರಿನ ಕತ್ತರಿಸಿದ ತುದಿಯ ಸುತ್ತ ಬಹುಪಾಲು ಎಲುಬು ತುಂಬಿತ್ತು. ತುಟಿಯ ಬದಿ ಮತ್ತು ಅಂಗುಳದ ಬದಿ ಎರಡೂ ಕಡೆ ಎಲುಬು ತೂತಾಗಿದ್ದರೆ ಅಲ್ಲಿ ಎಲುಬಿನ ಬದಲು ಗಾಯದ ಕಲೆಯಂಥ ಅಂಗಾಂಶ ತುಂಬಿ ನೆರಳು ಉಳಿದುಬಿಡಬಹುದು, ಅದನ್ನು ರೋಗ ಎಂದು ತಪ್ಪು ತಿಳಿಯುವುದೂ ಉಂಟು. ಅಕ್ಕನಿಗೆ ಅಂಗುಳದ ಬದಿ ಗಟ್ಟಿಯಿತ್ತು.

ಹಲ್ಲಿನ ಬಣ್ಣ ಮಾತ್ರ ಬೂದಾಗಿಯೇ ಇದೆ. ಒಳಗಿನಿಂದ ಬಿಳಿ ಮಾಡಬಹುದು, ಇಲ್ಲವೇ ಕ್ಯಾಪ್ ಹಾಕಬಹುದು ಎಂದು ಎರಡೂ ಹೇಳಿದೆ. “ಮಗಳ ಮದುವೆಗೆ ನೋಡುವ ಡಾಕ್ಟ್ರೇ,” ಅಂದರು. ಅಲ್ಲಿಯವರೆಗೆ ಆ ಹಲ್ಲಿನಲ್ಲಿ ಅಡಿಕೆ ಕಚ್ಚಬೇಡಿ, ಮುಂದಿನ ಎಕ್ಸ್‌ರೇಗೆ ಬರುವಾಗ ಸಕ್ಕರೆಯ ಚೀಟಿ ತನ್ನಿ ಎಂದು ಹೇಳಿ ಕಳಿಸಿದ್ದೇನೆ.